ಫ್ರಿಜ್ಜಿನ ಅತಿಶೀತವೂ ಒಂದು ದೋಷವೇ

ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಏರುವ ಅಥಣಿ, ರಾಯಬಾಗ, ಕಾಗವಾಡದ ಸೀಮೆಯಲ್ಲಿ ‘ನಮ್ಮ ಫ್ರಿಜ್ ಬಹಳ ತಂಪು ಮಾಡುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಿದವರು ಅದನ್ನು ದೂರು ಎಂದುಕೊಳ್ಳುವುದಿಲ್ಲ, ಹೊಗಳಿಕೆ ಎಂದೇ ಭಾವಿಸುತ್ತಾರೆ. ತಂಪು ಮಾಡದ ಫ್ರಿಜ್ಜಿಗೆ ಅದೇ ದಿನ ಮೆಕ್ಯಾನಿಕ್‌ನನ್ನು ಕರೆಸುವ ಮನೆಯವರು, ಹಾಲಿನ ಪಾತ್ರೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿದರೂ, ಸವತೆಕಾಯಿ ಮೆತ್ತಗಾಗಿ ನೀರೊಡೆದರೂ, ಕೊತ್ತಂಬರಿ ಸೊಪ್ಪು ಕಪ್ಪಗಾದರೂ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಬಿಸಿಲ ನಾಡಿನವರಿಗೆ ತಂಪು ಎಂದರೆ ಸೌಭಾಗ್ಯ. ಅದು ಅತಿಯಾಗಬಹುದೆಂಬ ಕಲ್ಪನೆಯೇ ಬರುವುದಿಲ್ಲ. ಆದರೆ ಈ ಉದಾಸೀನಕ್ಕೆ ನಾವು ತೆರುವ ಬೆಲೆ ತರಕಾರಿಯಲ್ಲಿ ಮುಗಿಯುವುದಿಲ್ಲ. ಕೆಲವು ಮನೆಗಳಲ್ಲಿ ಅದು ಔಷಧದ ರೂಪದಲ್ಲಿ, ಕೊನೆಗೆ ಆರೋಗ್ಯದ ರೂಪದಲ್ಲಿ ತೆರುವ ಬೆಲೆಯಾಗುತ್ತದೆ.

ಸೋಜಿಗವೆಂದರೆ ಇದೇ ಸೀಮೆಯ ಜನರಿಗೆ ಶೀತದ ಲೆಕ್ಕಾಚಾರ ಹೊಸದೇನೂ ಅಲ್ಲ. ಅಥಣಿ ಭಾಗದ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯ ಬಣ್ಣ ಕೆಡದಿರಲೆಂದು ಅದನ್ನು ಶೈತ್ಯಾಗಾರದಲ್ಲಿ ಬಾಡಿಗೆಗೆ ಇರಿಸಿ, ಬೆಲೆ ಏರುವವರೆಗೆ ಕಾಯುವುದನ್ನು ಬಲ್ಲರು. ಅಲ್ಲಿ ಕೊಠಡಿಯ ಉಷ್ಣತೆ ಎಷ್ಟಿರಬೇಕೆಂಬುದು ವ್ಯವಹಾರದ ಭಾಗ. ಸೇವೆಯಲ್ಲಿದ್ದ ದಿನಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತಪಾಸಣೆಗೆ ಹೋದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದುದು ಲಸಿಕೆಯ ಶೀತಕ ಪೆಟ್ಟಿಗೆಯ ಉಷ್ಣತಾ ದಾಖಲೆಯನ್ನು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣತಾಮಾಪಕ ನೋಡಿ ಬರೆದಿಡಬೇಕೆಂಬುದು ಅಲ್ಲಿನ ನಿಯಮ. 2015ರಲ್ಲಿ ಆರಂಭವಾದ ‘ಇ-ವಿನ್’ ಎಂಬ ವಿದ್ಯುನ್ಮಾನ ವ್ಯವಸ್ಥೆ ಈ ಕಾವಲನ್ನು ಇನ್ನಷ್ಟು ಬಿಗಿಗೊಳಿಸಿತು. ಹೀಗೆ ಒಂದೇ ಊರಿನ ಸರಕಾರಿ ಪೆಟ್ಟಿಗೆಗೆ ದಿನಕ್ಕೆ ಎರಡು ಬಾರಿ ಅಳತೆ, ಆಸ್ಪತ್ರೆಯ ಎದುರುಮನೆಯಲ್ಲಿ ಇನ್ಸುಲಿನ್ ಇಟ್ಟುಕೊಂಡ ಫ್ರಿಜ್ಜಿಗೆ ವರ್ಷಕ್ಕೊಮ್ಮೆಯೂ ಇಲ್ಲ. ಈ ಅಂತರವೇ ನನ್ನ ಚಿಂತೆಯ ವಿಷಯ.

ಎಷ್ಟು ತಂಪು ಸಾಕು?

ಆಹಾರ ಇಡುವ ಭಾಗದಲ್ಲಿ 2ರಿಂದ 5 ಡಿಗ್ರಿ ಸೆಲ್ಸಿಯಸ್, ಮಂಜುಗಡ್ಡೆಯ ಖಾನೆಯಲ್ಲಿ ಮೈನಸ್ 18ರ ಸುಮಾರು ಉಷ್ಣತೆ ಇದ್ದರೆ ಮನೆಯ ಫ್ರಿಜ್ ಸರಿಯಾಗಿದೆ ಎನ್ನಬಹುದು. 5 ಡಿಗ್ರಿ ದಾಟಿದರೆ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಸೊನ್ನೆಗಿಂತ ಕೆಳಗಿಳಿದರೆ ತರಕಾರಿಯ ಜೀವಕೋಶಗಳೊಳಗಿನ ನೀರು ಹರಳುಗಟ್ಟಿ ಕೋಶದ ಗೋಡೆಯನ್ನು ಸೀಳುತ್ತದೆ. ಕರಗಿದ ಮೇಲೆ ಸೊಪ್ಪು ಬಾಡಿ ಜೋತು ಬೀಳುವುದು ಇದರಿಂದಲೇ. ಶುದ್ಧ ಹಾಲು ಮೈನಸ್ ಅರ್ಧ ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಹೈನು ಪ್ರಯೋಗಾಲಯಗಳಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ತಿಳಿಯಲು ಈ ಬಿಂದುವನ್ನೇ ಅಳೆಯುತ್ತಾರೆ. ಆದ್ದರಿಂದ ಖಾನೆಯಲ್ಲಿಟ್ಟ ಹಾಲಿನ ಮೇಲೆ ಮಂಜಿನ ಪೊರೆ ಕಂಡರೆ ಅಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಪ್ಪುಗಟ್ಟಿದ ಹಾಲನ್ನು ಕಾಯಿಸಿ ಕುಡಿಯಬಹುದು. ಇನ್ಸುಲಿನ್ನಿಗೆ ಆ ರಿಯಾಯಿತಿ ಇಲ್ಲ. ಬಳಕೆ ಆರಂಭಿಸದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು ಎಂದು ಡಬ್ಬಿಯ ಮೇಲೆಯೇ ಮುದ್ರಿಸಿರುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು. ಆದರೆ ಅದರ ಗುಣವನ್ನು ನಂಬುವಂತಿಲ್ಲ, ಎಸೆಯಲೇಬೇಕು. ಮಕ್ಕಳ ಲಸಿಕೆಗಳಲ್ಲಿ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಮುಂತಾದವುಗಳಿಗೂ ಹೆಪ್ಪುಗಟ್ಟುವಿಕೆಯೇ ದೊಡ್ಡ ಶತ್ರು. ಆರೋಗ್ಯ ಕೇಂದ್ರದಲ್ಲಿ ಸಂಶಯ ಬಂದರೆ ಸೀಸೆಯನ್ನು ಅಲುಗಾಡಿಸಿ, ಗಷ್ಟು ಎಷ್ಟು ಬೇಗ ತಳಕ್ಕಿಳಿಯುತ್ತದೆಂದು ನೋಡುವ ಪರೀಕ್ಷೆ ಇದೆ. ಮನೆಯಲ್ಲಿ ಇನ್ಸುಲಿನ್ ಇಟ್ಟುಕೊಂಡವರಿಗೆ ಅಂಥ ಪರೀಕ್ಷೆಯೂ ಇಲ್ಲ, ಎಚ್ಚರಿಸುವವರೂ ಇಲ್ಲ.

ಸೆಕೆಯ ಭಯಕ್ಕೆ ಇನ್ಸುಲಿನ್ ಸೀಸೆಯನ್ನು ಮಂಜುಗಡ್ಡೆಯ ಖಾನೆಗೆ ಆತುಕೊಂಡಂತೆ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಬಿಸಿಯ ಭಯ ನಾವು ತಿಳಿದಷ್ಟು ದೊಡ್ಡದಲ್ಲ. ಕೆನ್ಯಾದ ನಿರಾಶ್ರಿತರ ಶಿಬಿರದ ಹವೆಯನ್ನು ಆಧರಿಸಿ ಗಡಿರಹಿತ ವೈದ್ಯರ ಸಂಸ್ಥೆ ಹಾಗೂ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಗುಣ ಉಳಿಸಿಕೊಂಡಿತೆಂದು ತೋರಿಸಿತು. ಬಳಕೆಯಲ್ಲಿರುವ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯ ತಂಪಿನಲ್ಲಿಡುವ ನಮ್ಮ ಹಿರಿಯರ ಉಪಾಯವೂ ಇಲ್ಲಿಯ ಒಣಹವೆಗೆ ಒಪ್ಪುವಂಥದು. ಯಾರು ಯಾವ ಇನ್ಸುಲಿನ್ನನ್ನು ಎಷ್ಟು ದಿನ ಹೊರಗಿಡಬಹುದೆಂಬುದನ್ನು ವೈದ್ಯರೇ ಹೇಳಬೇಕು. ಆದರೆ ಬಿಸಿಗೆ ಹೆದರಿ ಹಿಮಕ್ಕೆ ಒಪ್ಪಿಸುವುದು ವಿವೇಕವಲ್ಲವೆಂಬುದಂತೂ ನಿಶ್ಚಿತ.

ಒಂದು ಮನೆಯ ಸಂಗತಿ

ರಾಯಬಾಗ ತಾಲ್ಲೂಕಿನಲ್ಲಿರುವ ನನ್ನ ಅತ್ತಿಗೆಯವರು ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯವರು. ಕಳೆದ ಚಳಿಗಾಲದಲ್ಲಿ ಊಟದಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೂ ಅವರ ರಕ್ತದ ಸಕ್ಕರೆ ಹತೋಟಿಗೆ ಬರಲಿಲ್ಲ. ನಾನು ಹೋದಾಗ ಅವರು ಅಭಿಮಾನದಿಂದಲೇ ಹೇಳಿದರು: ‘ಫ್ರಿಜ್ ಭಾಳ ಛಲೋ ಐತಿ ತಮ್ಮಾ, ಹಾಲು ಸೈತ ಬರ್ಫ ಆಗತೈತಿ.’ ಇನ್ಸುಲಿನ್ ಸೀಸೆ ಮೇಲಿನ ಖಾನೆಯ ಹಿಂಬದಿಯ ಗೋಡೆಗೆ ಆತುಕೊಂಡಿತ್ತು. ರಾತ್ರಿ ಒಂದು ಲೋಟ ನೀರಿನಲ್ಲಿ ಉಷ್ಣತಾಮಾಪಕವನ್ನು ಅದ್ದಿ ನಡುವಿನ ಖಾನೆಯಲ್ಲಿಟ್ಟೆವು. ಬೆಳಿಗ್ಗೆ ನೀರಿನ ಮೇಲೆ ಮಂಜಿನ ಪೊರೆ, ಮಾಪಕದಲ್ಲಿ ಸೊನ್ನೆ. ವೈದ್ಯರಿಗೆ ತಿಳಿಸಿದಾಗ ಅವರು ಆ ಸೀಸೆಯನ್ನು ಬಿಟ್ಟು ಹೊಸದನ್ನು ಬಳಸಲು ಹೇಳಿದರು.

ಮೊದಲು ಬಂದ ಮೆಕ್ಯಾನಿಕ್ ಬಾಗಿಲು ತೆರೆಯುವ ಮುಂಚೆಯೇ ತೀರ್ಪು ಕೊಟ್ಟ: ‘ಗ್ಯಾಸ್ ಹೋಗೇತ್ರಿ, ತುಂಬಸಬೇಕು.’ ಎರಡನೆಯವನು ವಯಸ್ಸಿನಲ್ಲಿ ಕಿರಿಯ, ಐಟಿಐ ಕಲಿತವನು. ಅವನು ತಂಪಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ, ಕಂಪ್ರೆಸರ್ ನಿಂತಿತು. ಒಂದಕ್ಕೆ ತಂದ, ಓಡತೊಡಗಿದ್ದು ನಿಲ್ಲಲೇ ಇಲ್ಲ. ಮಂಜಿನ ಖಾನೆಯ ಬದಿಯಲ್ಲಿ ಕೈಯಾಡಿಸಿ, ಕೊಕ್ಕೆಯಿಂದ ಜಾರಿ ಹೊರಗೆ ಬಂದಿದ್ದ ತೆಳುವಾದ ಲೋಹದ ನಳಿಕೆಯನ್ನು ತೋರಿಸಿದ. ಮಂಜುಗಡ್ಡೆಯನ್ನು ಚಮಚದಿಂದ ಕೆರೆಯುವಾಗ ಎಂದೋ ಅದು ಸರಿದಿರಬೇಕು. ನಳಿಕೆಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದ್ದಷ್ಟೇ ದುರಸ್ತಿ. ಹೊಸ ಬಿಡಿಭಾಗ ಬೇಕಾಗಲಿಲ್ಲ, ಗ್ಯಾಸ್ ಅಂತೂ ಬೇಕಾಗಲೇ ಇಲ್ಲ. ಎರಡು ದಿನಗಳ ನಂತರ ಅದೇ ಲೋಟದಲ್ಲಿ 4 ಡಿಗ್ರಿ ಇತ್ತು.

ಅತಿಶೀತದ ಕಾರಣಗಳು

ಆ ನಳಿಕೆಯ ಕೆಲಸವನ್ನು ಅರಿತರೆ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ಒಂದೇ ಬಾಗಿಲಿನ ಹಳೆಯ ಮಾದರಿಯ ಫ್ರಿಜ್‌ಗಳಲ್ಲಿ ಥರ್ಮೋಸ್ಟಾಟ್ ಎಂಬ ನಿಯಂತ್ರಕದಿಂದ ಹೊರಟ ಈ ನಳಿಕೆಯೊಳಗೆ ಅನಿಲ ತುಂಬಿರುತ್ತದೆ. ಅದರ ತುದಿ ಮಂಜಿನ ಖಾನೆಯ ತಗಡಿಗೆ ಅಂಟಿಕೊಂಡಿರುತ್ತದೆ. ತಗಡು ತಣ್ಣಗಾದಂತೆ ಅನಿಲ ಕುಗ್ಗಿ, ಒಂದು ಹಂತದಲ್ಲಿ ಸ್ವಿಚ್ಚನ್ನು ಬಿಡಿಸಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ತುದಿ ತಗಡಿನಿಂದ ಸರಿದರೆ ಯಂತ್ರಕ್ಕೆ ತಾನು ಎಷ್ಟು ತಂಪಾಗಿದ್ದೇನೆಂಬುದೇ ತಿಳಿಯದು. ಅದು ಓಡುತ್ತಲೇ ಇರುತ್ತದೆ. ಸ್ವಿಚ್ಚಿನ ತುದಿಗಳು ಕಿಡಿಯಿಂದ ಬೆಸೆದುಕೊಂಡರೂ ಇದೇ ಫಲ. ಹಗಲು ಪಂಪ್‌ಸೆಟ್‌ಗಳ ಭಾರಕ್ಕೆ ವೋಲ್ಟೇಜ್ ಕುಗ್ಗುವ, ಅವು ನಿಂತೊಡನೆ ಏರುವ ಹಳ್ಳಿಯ ಮಾರ್ಗಗಳಲ್ಲಿ ಇಂಥ ಸ್ವಿಚ್ಚುಗಳು ಬೇಗ ಸವೆಯುತ್ತವೆ. ವಿದ್ಯುನ್ಮಾನ ಮಾದರಿಗಳಲ್ಲಿ ನಳಿಕೆಯ ಬದಲು ಥರ್ಮಿಸ್ಟರ್ ಎಂಬ ಪುಟ್ಟ ಸಂವೇದಕ ಇರುತ್ತದೆ. ಅದು ಕೆಟ್ಟು ‘ಒಳಗೆ ಸೆಕೆಯಾಗಿದೆ’ ಎಂದು ಸುಳ್ಳು ವರದಿ ಕೊಟ್ಟರೆ ಯಂತ್ರ ಅದನ್ನೇ ನಂಬುತ್ತದೆ.

ಯಂತ್ರ ಕೆಡದಿದ್ದರೂ ಅತಿಶೀತವಾಗಬಹುದು. ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿಗಳನ್ನು ಅನೇಕರು ಡಿಗ್ರಿಯೆಂದು ತಿಳಿಯುತ್ತಾರೆ; ಹೀಗಾಗಿ 7ಕ್ಕೆ ಇಟ್ಟರೆ ಕಡಿಮೆ ತಂಪು ಎಂದು ಭ್ರಮಿಸುವವರಿದ್ದಾರೆ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ವಿದ್ಯುತ್ ಹೋಗಿ ನಾಲ್ಕೈದು ತಾಸಿನ ನಂತರ ಬಂದಾಗ ‘ಬೇಗ ತಂಪಾಗಲಿ’ ಎಂದು ಗುಂಡಿಯನ್ನು ಕೊನೆಗೆ ತಿರುಗಿಸುವುದು ಇನ್ನೊಂದು ರೂಢಿ. ಇನ್ವರ್ಟರ್ ಇಲ್ಲದ ಸಾಮಾನ್ಯ ಕಂಪ್ರೆಸರ್ 3ರಲ್ಲಿ ಓಡಿದರೂ 7ರಲ್ಲಿ ಓಡಿದರೂ ಅದೇ ವೇಗದಲ್ಲಿ ತಂಪು ಮಾಡುತ್ತದೆ. 7ರಲ್ಲಿ ತಡವಾಗಿ ನಿಲ್ಲುತ್ತದೆ, ಅಷ್ಟೇ. ತಿರುಗಿಸಿದ್ದನ್ನು ಮರಳಿ ತಿರುಗಿಸುವುದು ಮರೆತುಹೋಗುತ್ತದೆ. ಮರುದಿನ ಮೊಸರು ಕಲ್ಲಾಗಿರುತ್ತದೆ.

ಋತುವಿನ ಪಾತ್ರವೂ ಇದೆ. ಥರ್ಮೋಸ್ಟಾಟ್ ಅರಿಯುವುದು ತಗಡಿನ ಶೀತವನ್ನೇ ಹೊರತು ಹಾಲು-ತರಕಾರಿಗಳ ಉಷ್ಣತೆಯನ್ನಲ್ಲ. ಬೇಸಿಗೆಯಲ್ಲಿ ಗೋಡೆಗಳ ಮೂಲಕ ಒಳನುಗ್ಗುವ ಶಾಖ ಹೆಚ್ಚು, ಆದ್ದರಿಂದ ತಗಡಿಗೂ ಖಾನೆಗೂ ಉಷ್ಣತೆಯ ಅಂತರ ದೊಡ್ಡದಿರುತ್ತದೆ. ಕಬ್ಬು ನುರಿಸುವ ಹಂಗಾಮಿನ ಚಳಿಯಲ್ಲಿ ಆ ಶಾಖ ಕಡಿಮೆಯಾದಾಗ, ಗುಂಡಿ ಮೇ ತಿಂಗಳಲ್ಲಿ ಇಟ್ಟಲ್ಲೇ ಉಳಿದಿದ್ದರೆ, ಖಾನೆಯ ಉಷ್ಣತೆ ತಗಡಿನ ಸಮೀಪಕ್ಕೆ ಜಾರುತ್ತದೆ. ಹೀಗಾಗಿ ವರ್ಷದಲ್ಲಿ ಎರಡು ಬಾರಿಯಾದರೂ, ಯುಗಾದಿ ಮತ್ತು ದೀಪಾವಳಿಯ ಹೊತ್ತಿಗೆ, ಗುಂಡಿಯನ್ನು ಪರಿಶೀಲಿಸುವುದು ಒಳ್ಳೆಯ ಪದ್ಧತಿ.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಮೊದಲನೆಯದು ಅಳತೆ. ಫ್ರಿಜ್ಜಿಗೆಂದೇ ಮಾರುವ ಸಣ್ಣ ಉಷ್ಣತಾಮಾಪಕ ಒಂದೆರಡು ನೂರು ರೂಪಾಯಿಗೆ ದೊರೆಯುತ್ತದೆ; ಜ್ವರ ನೋಡುವ ಮಾಪಕ ಇದಕ್ಕೆ ಬಾರದು. ಬಾಗಿಲು ತೆರೆದೊಡನೆ ಗಾಳಿಯ ಉಷ್ಣತೆ ಬದಲಾಗುವುದರಿಂದ ಮಾಪಕವನ್ನು ನೀರಿನ ಲೋಟದಲ್ಲಿರಿಸಿ, ನಡುವಿನ ಖಾನೆಯಲ್ಲಿ ಒಂದು ರಾತ್ರಿ ಬಿಡಬೇಕು. ಎರಡನೆಯದಾಗಿ, ಗುಂಡಿಯನ್ನು ಒಂದೊಂದೇ ಅಂಕಿ ಇಳಿಸಿ ಪ್ರತಿಸಲ ಒಂದು ಪೂರ್ಣ ದಿನ ಕಾದು ಮತ್ತೆ ನೋಡಬೇಕು. ‘ಕ್ವಿಕ್ ಫ್ರೀಜ್’ನಂಥ ವ್ಯವಸ್ಥೆ ಇದ್ದರೆ ಅದು ಚಾಲೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂರನೆಯದಾಗಿ, ಪದಾರ್ಥಗಳ ಜಾಗ ಬದಲಿಸಬೇಕು. ಎರಡು ಬಾಗಿಲಿನ, ಮಂಜು ಕಟ್ಟದ ಮಾದರಿಗಳಲ್ಲಿ ಮೇಲಿನಿಂದ ತಣ್ಣನೆಯ ಗಾಳಿ ಒಂದು ಕಿಂಡಿಯ ಮೂಲಕ ಬೀಸುತ್ತದೆ. ಆ ಕಿಂಡಿಯ ಎದುರಿಗಿಟ್ಟದ್ದು ಹೆಪ್ಪುಗಟ್ಟುವುದು ಸಹಜ. ಮಿಕ್ಕ ಖಾನೆಗಳು ಸರಿಯಾಗಿದ್ದರೆ ಅದು ದೋಷವಲ್ಲ. ಎಲ್ಲೆಡೆಯೂ ಹೆಪ್ಪುಗಟ್ಟುತ್ತಿದ್ದರೆ ಕಿಂಡಿಯ ಮುಚ್ಚಳ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು.

ನಾಲ್ಕನೆಯದು ಬಾಗಿಲಿನ ರಬ್ಬರ್ ಪಟ್ಟಿ. ಒಂದು ನೋಟನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ; ಸಲೀಸಾಗಿ ಜಾರಿ ಬಂದರೆ ಪಟ್ಟಿ ಸಡಿಲವಾಗಿದೆ. ಹೊರಗಿನ ತೇವದ ಗಾಳಿ ನುಗ್ಗಿ, ಯಂತ್ರ ಬಿಡುವಿಲ್ಲದೆ ಓಡಿ, ಒಂದೆಡೆ ಮಂಜು ರಾಶಿ ಬೀಳುತ್ತದೆ, ಇನ್ನೊಂದೆಡೆ ತಂಪು ಸಾಲದು. ಐದನೆಯದಾಗಿ, ಗುಂಡಿಯನ್ನು ಅತಿ ಕಡಿಮೆ ಅಂಕಿಗೆ ತಂದು ಒಂದು ದಿನ ಕಳೆದರೂ ಸೊನ್ನೆಯ ಕೆಳಗೇ ಇದ್ದರೆ, ಅಥವಾ ಸೊನ್ನೆಗೆ ತಂದರೂ ಕಂಪ್ರೆಸರ್ ನಿಲ್ಲದಿದ್ದರೆ, ದೋಷ ಥರ್ಮೋಸ್ಟಾಟ್, ಸಂವೇದಕ ಅಥವಾ ವಿದ್ಯುನ್ಮಾನ ಫಲಕದಲ್ಲಿದೆ. ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು, ಮೆಕ್ಯಾನಿಕ್‌ನನ್ನು ಕರೆಯಬೇಕು. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಮಾದರಿಗಳು ಮೆಲ್ಲಗೆ ದೀರ್ಘಕಾಲ ಓಡುವುದೇ ಅವುಗಳ ಸ್ವಭಾವವಾದ್ದರಿಂದ, ಅಲ್ಲಿ ಸದ್ದನ್ನಲ್ಲ, ಮಾಪಕವನ್ನೇ ನಂಬಬೇಕು. ಮಂಜುಗಡ್ಡೆಯನ್ನು ಚಾಕುವಿನಿಂದ ಮಾತ್ರ ಎಂದಿಗೂ ಕೆತ್ತಬೇಡಿ. ಇಂದಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಅನಿಲ ಹೊತ್ತಿಕೊಳ್ಳುವಂಥದು.

ಗ್ಯಾಸಿನ ವಿಷಯವನ್ನೂ ಸ್ಪಷ್ಟಪಡಿಸಬೇಕು. ಗ್ಯಾಸ್ ಸೋರಿದರೆ ಫ್ರಿಜ್ಜಿನ ಶಕ್ತಿ ಕುಂದಿ ಒಳಗೆ ಬೆಚ್ಚಗಾಗುತ್ತದೆ. ಸ್ವಲ್ಪವೇ ಸೋರಿದ್ದರೆ ತಗಡಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ದಪ್ಪನಾಗಿ, ಉಳಿದ ಭಾಗ ಬೋಳಾಗಿರುತ್ತದೆ. ಎಲ್ಲ ಖಾನೆಗಳೂ ಹೆಪ್ಪುಗಟ್ಟುವಷ್ಟು ತಂಪಾಗಿರುವ ಫ್ರಿಜ್ಜಿಗೆ ಗ್ಯಾಸ್ ತುಂಬಿಸಬೇಕೆನ್ನುವವನು ಕಾರಣ ಹೇಳಲಿ ಎಂದು ಕೇಳುವುದು ಗ್ರಾಹಕನ ಹಕ್ಕು. ಹಿಂದಿನ ರಾತ್ರಿಯ ಮಾಪಕದ ಅಂಕಿ ಕೈಯಲ್ಲಿದ್ದರೆ ಹಾಗೆ ಕೇಳುವ ಧೈರ್ಯವೂ ಬರುತ್ತದೆ.

ಕಾಣದ ವೆಚ್ಚ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆಯುವುದು ವಿದ್ಯುತ್ತಿನ ಲೆಕ್ಕ. ಫ್ರಿಜ್ಜಿನೊಳಗೆ ನುಗ್ಗುವ ಶಾಖ ಒಳಹೊರಗಿನ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆ. ಅಡುಗೆಮನೆಯಲ್ಲಿ 34 ಡಿಗ್ರಿ, ಒಳಗೆ 4 ಡಿಗ್ರಿ ಇದ್ದರೆ ಅಂತರ 30. ಒಳಗೆ ಮೈನಸ್ 2ಕ್ಕೆ ಇಳಿದರೆ ಅಂತರ 36. ಎಂದರೆ ಹೊರದೂಡಬೇಕಾದ ಶಾಖವೇ ಶೇ 20ರಷ್ಟು ಹೆಚ್ಚುತ್ತದೆ. ಜೊತೆಗೆ ಹೆಚ್ಚು ಶೀತದಲ್ಲಿ ಯಂತ್ರದ ದಕ್ಷತೆಯೂ ತಗ್ಗುವುದರಿಂದ ವಿದ್ಯುತ್ತಿನ ಖರ್ಚು ಅದಕ್ಕಿಂತ ತುಸು ಹೆಚ್ಚೇ ಏರುತ್ತದೆ. 2006ರಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭಿಸಿದ ನಕ್ಷತ್ರದ ಗುರುತು 2010ರಲ್ಲಿ ಮಂಜು ಕಟ್ಟದ ಫ್ರಿಜ್‌ಗಳಿಗೆ ಕಡ್ಡಾಯವಾಯಿತು. ಐದು ನಕ್ಷತ್ರಕ್ಕೆಂದು ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಯಂತ್ರವನ್ನು 7ರಲ್ಲಿಟ್ಟು ಓಡಿಸಿದರೆ ಆ ಹಣದ ಫಲ ಬಹುಮಟ್ಟಿಗೆ ಕರಗಿಹೋಗುತ್ತದೆ.

ಹಿಂದೆ ಬಿಲ್ಲಾದರೂ ಎಚ್ಚರಿಸುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳ ಬಿಲ್ಲು ಶೂನ್ಯವಾಯಿತು. ಯೋಜನೆಯ ಉದ್ದೇಶವನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಬೆಲೆಯೆಂಬುದು ಮಾಹಿತಿಯೂ ಹೌದು. ಬೆಲೆ ಮರೆಯಾದಾಗ ಕೆಟ್ಟ ಯಂತ್ರ ಕೊಡುವ ಸೂಚನೆಯೂ ಮರೆಯಾಗುತ್ತದೆ. ಶೂನ್ಯ ಬಿಲ್ಲಿನಲ್ಲೂ ಬಳಸಿದ ಯೂನಿಟ್‌ಗಳ ಸಂಖ್ಯೆ ನಮೂದಾಗಿರುತ್ತದೆ. ಕಳೆದ ವರ್ಷದ ಇದೇ ತಿಂಗಳಿನೊಂದಿಗೆ ಅದನ್ನು ಹೋಲಿಸಿ ನೋಡುವುದು ಈಗ ಹಿಂದಿಗಿಂತ ಹೆಚ್ಚು ಅಗತ್ಯ.

ಆಗಬೇಕಾದದ್ದು

ಮೊದಲನೆಯದಾಗಿ, ಗುಂಡಿಯ ಮೇಲೆ ಅರ್ಥವಿಲ್ಲದ ಅಂಕಿಗಳ ಬದಲು ಒಳಗಿನ ನಿಜವಾದ ಉಷ್ಣತೆ ಕಾಣುವಂತಿರಬೇಕು. ದುಬಾರಿ ಮಾದರಿಗಳಲ್ಲಿ ಈ ಸೌಲಭ್ಯ ಆಗಲೇ ಇದೆ. ಬಡವರು ಕೊಳ್ಳುವ ಒಂದೇ ಬಾಗಿಲಿನ ಫ್ರಿಜ್ಜಿಗೇ ಅದರ ಅಗತ್ಯ ಹೆಚ್ಚು. ಯಂತ್ರದೊಳಗೆ ಪರದೆ ಕೂಡಿಸುವುದು ದುಬಾರಿಯೆನಿಸಿದರೆ ಒಂದು ಸಾದಾ ಮಾಪಕವನ್ನು ಜೊತೆಗೆ ಕೊಡಬಹುದು. ವಿದ್ಯುತ್ ಬಳಕೆಯನ್ನು ಬಾಗಿಲ ಮೇಲೆ ಮುದ್ರಿಸಬೇಕೆಂದು ವಿಧಿಸಬಲ್ಲ ಸರಕಾರಕ್ಕೆ ಇದನ್ನು ವಿಧಿಸುವುದು ಕಷ್ಟವೇನಲ್ಲ.

ಎರಡನೆಯದು ಔಷಧ ಅಂಗಡಿ ಮತ್ತು ಆರೋಗ್ಯ ಇಲಾಖೆಯ ಹೊಣೆ. ಚಿಕ್ಕೋಡಿ, ಕಾಗವಾಡ, ಅಥಣಿ ಭಾಗದ ಅನೇಕರು ಚಿಕಿತ್ಸೆಗೆ ಮಿರಜ, ಸಾಂಗ್ಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗಿಬರುತ್ತಾರೆ. ಇನ್ಸುಲಿನ್ ಮಂಜಿನ ಚೀಲದಲ್ಲಿ ಬಸ್ಸಿನಲ್ಲಿ ಬಂದು ಮನೆಯ ಫ್ರಿಜ್ ಸೇರುತ್ತದೆ. ಚೀಲದಲ್ಲಿ ಸೀಸೆಗೂ ಮಂಜಿಗೂ ನಡುವೆ ಬಟ್ಟೆಯಿರಲಿ, ಮನೆಯಲ್ಲಿ ಹಿಂಗೋಡೆಯಿಂದ ದೂರವಿಡಿ ಎಂದು ಕೊಡುವವರು ಒಂದು ಮಾತು ಹೇಳಬೇಕು. ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರ ಪ್ರಶ್ನೆಗಳಿಗೆ ‘ಇನ್ಸುಲಿನ್ ಎಲ್ಲಿಟ್ಟಿದ್ದೀರಿ?’ ಎಂಬ ಒಂದನ್ನು ಸೇರಿಸಿದರೆ ಸಾಕು. ಸಕ್ಕರೆ ಏರಿತೆಂದು ಔಷಧದ ಪ್ರಮಾಣ ಹೆಚ್ಚಿಸುವ ಮೊದಲು ವೈದ್ಯರೂ ಇದನ್ನು ಕೇಳುವುದು ಒಳ್ಳೆಯದು. ಗುಣಹೀನ ಸೀಸೆಯ ಲೆಕ್ಕದಲ್ಲಿ ಹೆಚ್ಚಿಸಿದ ಪ್ರಮಾಣವನ್ನು ರೋಗಿ ನಾಳೆ ಹೊಸ ಸೀಸೆಯಿಂದ ಚುಚ್ಚಿಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಮೂರನೆಯದು ದುರಸ್ತಿಯ ವ್ಯವಸ್ಥೆ. ಗಡಿಯಾಚೆಯ ಅಂಗಡಿಯಲ್ಲಿ ಫ್ರಿಜ್ ಕೊಂಡವರು ತಕರಾರು ಬಂದಾಗ ‘ಅಲ್ಲಿಯೇ ಹೋಗಿ ಹೋರಾಡಬೇಕಲ್ಲ’ ಎಂದು ಕೈಚೆಲ್ಲುವುದುಂಟು. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಲ್ಹಾಪುರದಲ್ಲಿ ಕೊಂಡ ಯಂತ್ರಕ್ಕೆ ಬೆಳಗಾವಿಯಲ್ಲಿ ನ್ಯಾಯ ಕೇಳಲು ಅಡ್ಡಿಯಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯೂ ಇದೆ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಕುರಿತ ಜಾಲತಾಣವನ್ನು ತೆರೆಯಿತು. ಇವುಗಳ ಜೊತೆಗೆ ಬೇಕಾದದ್ದು, ಕಾರಣ ಹುಡುಕಿ ಕೆಲಸ ಮಾಡುವ ತರಬೇತಾದ ಕೈಗಳು. ಐಟಿಐಗಳಲ್ಲಿ ಶೈತ್ಯ ಯಂತ್ರಗಳ ವೃತ್ತಿ ಕಲಿತ ನಮ್ಮ ಹುಡುಗರು ಕೆಲಸಕ್ಕಾಗಿ ಪುಣೆಯ ದಾರಿ ಹಿಡಿಯದೆ ತಾಲ್ಲೂಕು ಕೇಂದ್ರಗಳಲ್ಲೇ ನೆಲೆ ನಿಲ್ಲುವಂತೆ ಸಾಲ ಸೌಲಭ್ಯ ಒದಗಿಸಿದರೆ ಎರಡೂ ಕಡೆಯವರಿಗೆ ಲಾಭ.

ಇವೆಲ್ಲ ಆಗುವವರೆಗೂ ನಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. 1958ರಲ್ಲಿ ಗೋದ್ರೆಜ್ ಮೊದಲ ಸ್ವದೇಶಿ ಫ್ರಿಜ್ ತಯಾರಿಸಿದಾಗ ಅದು ಸಿರಿವಂತರ ಮನೆಯ ಪ್ರತಿಷ್ಠೆಯ ವಸ್ತುವಾಗಿತ್ತು. ಇಂದು ಅದು ಹಾಲಿನದೂ ಹೌದು, ಔಷಧದ್ದೂ ಹೌದು, ಮನೆಯ ಉಗ್ರಾಣವೇ ಆಗಿದೆ. ಉಗ್ರಾಣಕ್ಕೆ ಕಾವಲು ಬೇಕು. ಇಲ್ಲಿ ಆ ಕಾವಲು ಒಂದು ಲೋಟ ನೀರು ಮತ್ತು ಒಂದು ಮಾಪಕ. ಮನೆಯಲ್ಲಿ ಇನ್ಸುಲಿನ್ ಇರುವವರು ಇಂದು ರಾತ್ರಿಯೇ ಅದನ್ನಿಟ್ಟು ನಾಳೆ ಬೆಳಿಗ್ಗೆ ನೋಡಲಿ. 2ಕ್ಕಿಂತ ಕಡಿಮೆ ಇದ್ದರೆ ಸೀಸೆಯ ಜಾಗವನ್ನೂ ಗುಂಡಿಯನ್ನೂ ಬದಲಿಸಲಿ, ಸೊನ್ನೆಗೆ ಇಳಿದಿದ್ದರೆ ವೈದ್ಯರನ್ನು ಕೇಳದೆ ಆ ಸೀಸೆಯನ್ನು ಬಳಸದಿರಲಿ.